ಕಸ ತಿಂದವನಿಗೆ ಹೆಗಲ ಮೇಲೆ ಕಿರೀಟ

ಊರಿಗೊಂದು ಲಾಂಛನ ಬೇಕು ಅಂದರೆ ಸಾಕು, ಎಲ್ಲರಿಗೂ ಮೊದಲು ನೆನಪಾಗುವುದು ಸಿಂಹ. ಊರಿನ ಸುತ್ತ ಸಾವಿರ ಮೈಲಿಯಲ್ಲಿ ಒಂದು ಸಿಂಹವೂ ಇರಬೇಕಾಗಿಲ್ಲ. ನಮ್ಮ ಮೈಸೂರಿನವರು ಇನ್ನೂ ಜಾಣರು, ಯಾರೂ ಕಣ್ಣಿಂದ ನೋಡಿರದ ಎರಡು ತಲೆಯ ಗಂಡಭೇರುಂಡವನ್ನೇ ಇಟ್ಟುಕೊಂಡರು. ಇಲ್ಲದ ಹಕ್ಕಿ ಅರ್ಜಿ ಹಿಡಿದು ಬರುವುದಿಲ್ಲ, ಸಂಬಳ ಕೇಳುವುದಿಲ್ಲ.

ಕಲ್ಕತ್ತಾ ಕಾರ್ಪೊರೇಷನ್ ಮಾತ್ರ 1896ರಲ್ಲಿ ಒಂದು ಎಡವಟ್ಟು ಮಾಡಿಕೊಂಡಿತು. ಊರಿನಲ್ಲಿ ನಿಜವಾಗಿ ಕೆಲಸ ಮಾಡಿದ್ದ ಹಕ್ಕಿಯನ್ನೇ ಲಾಂಛನಕ್ಕೆ ಹಾಕಿಬಿಟ್ಟಿತು.

ಹಕ್ಕಿಯ ಹೆಸರು ಹರ್ಗಿಲಾ. ಮೂಳೆ ನುಂಗುವುದು ಅಂತ ಅರ್ಥ. ಕೊಕ್ಕರೆಯ ದೊಡ್ಡ ನೆಂಟ. ಹತ್ತಿರ ಹತ್ತಿರ ಐದಡಿ ಎತ್ತರ, ಬೋಳು ತಲೆ, ಕತ್ತಿನ ಕೆಳಗೆ ಜೋಲುವ ಒಂದು ಚೀಲ. ಎದೆ ಸೆಟೆದುಕೊಂಡು ಅಳೆದೂ ಸುರಿದೂ ಹೆಜ್ಜೆ ಹಾಕುತ್ತದೆ. ಬ್ರಿಟಿಷರಿಗೆ ಆ ನಡಿಗೆ ನೋಡಿ ತಮ್ಮ ಸೇನಾಧಿಕಾರಿ ನೆನಪಾಗಿ 'ಅಡ್ಜುಟೆಂಟ್' ಅಂತ ಹೆಸರಿಟ್ಟರು. ನನಗಂತೂ ಕಾಮಗಾರಿ ವೀಕ್ಷಣೆಗೆ ಬಂದ ಇಂಜಿನಿಯರ್ ನೆನಪಾಗುತ್ತಾರೆ. ಒಂದೇ ವ್ಯತ್ಯಾಸ, ಹರ್ಗಿಲಾ ಬಗ್ಗಿ ಕೆಲಸವನ್ನೂ ಮಾಡುತ್ತಿತ್ತು.

ಏನು ಕೆಲಸ? ಕಸಾಯಿಖಾನೆಯ ಉಳಿಕೆ, ಸತ್ತ ನಾಯಿ, ಗಂಗೆಯ ಘಾಟ್‌ನಲ್ಲಿ ಅರ್ಧ ಬೆಂದು ತೇಲಿದ ಹೆಣ. ಎಲ್ಲವೂ ಒಂದೇ ಗುಟುಕಿಗೆ ಒಳಗೆ. ಊಟ ಮುಗಿಸಿ ಗವರ್ನಮೆಂಟ್ ಹೌಸಿನ ಸಿಂಹದ ಪ್ರತಿಮೆಗಳ ತಲೆ ಮೇಲೆ ಕೂತು ವಿಶ್ರಾಂತಿ. ಅದನ್ನು ಕೊಂದವರಿಗೆ 50 ರೂಪಾಯಿ ದಂಡ. ಆ ಕಾಲದಲ್ಲಿ ಅದು ಸಣ್ಣ ದುಡ್ಡಲ್ಲ. ನೇಮಕಾತಿ ಪತ್ರವಿಲ್ಲ, ಸಂಬಳವಿಲ್ಲ, ಗ್ಲೌಸ್ ಅಂತೂ ಇಲ್ಲವೇ ಇಲ್ಲ. ಬಿಟ್ಟಿ ಚಾಕರಿ ಮಾಡುವವರನ್ನು ಕೊಲ್ಲಬಾರದು ಅಂತ ಸರ್ಕಾರಕ್ಕೆ ಆಗಲೇ ಗೊತ್ತಿತ್ತು, ಅಲ್ವಾ?

ಈಗ ಲಾಂಛನ ನೋಡಿ. ನಡುವೆ ಗುರಾಣಿ, ಅದರ ಎರಡು ಬದಿಗೂ ಒಂದೊಂದು ಹರ್ಗಿಲಾ. ಎರಡರ ಕೊಕ್ಕಿನಲ್ಲೂ ಹಾವು. ಹೆಗಲ ಮೇಲೊಂದು ಕಿರೀಟ. ಹಾವು ಎಲ್ಲಿಂದ ಬಂತು? ಆ ಮೀಟಿಂಗ್ ಹೇಗೆ ನಡೆದಿರಬಹುದು ಅಂತ ನಾನು ಸುಮ್ನೆ ಊಹಿಸಿಕೊಳ್ಳುತ್ತೇನೆ.

"ಬಾಯಲ್ಲಿ ಏನು ಬರೆಯಲಿ ಸ್ವಾಮಿ?"

"ಅದು ಏನು ತಿನ್ನುತ್ತದಪ್ಪ?"

"ಸತ್ತ ನಾಯಿ, ಸ್ವಾಮಿ."

"ಥೂ! ಹಾವು ಬರಿ."

ಹೀಗೆ ಹಗಲೆಲ್ಲ ಕೊಳಕು ಎತ್ತುತ್ತಿದ್ದವನು ಕಾಗದದ ಮೇಲೆ ಹಾವು ಹಿಡಿದ ವೀರನಾದ. ಕಿರೀಟ ತಲೆ ಬಿಟ್ಟು ಹೆಗಲ ಮೇಲೆ ಯಾಕೆ ಅಂತ ಕೇಳಬೇಡಿ. ಬೋಳು ತಲೆ ಮೇಲೆ ಜಾರುತ್ತಿತ್ತೇನೋ. ಕೆಳಗೆ ಲ್ಯಾಟಿನ್‌ನಲ್ಲಿ ಒಂದು ಉಪದೇಶ, ಕಷ್ಟ ಬಂದರೂ ಗಟ್ಟಿಯಾಗಿ ನಿಲ್ಲು ಅಂತ. ಯಾರಿಗೆ ಹೇಳಿದ್ದು? ಲ್ಯಾಟಿನ್ ಊರಿನವರಿಗೂ ಬರುತ್ತಿರಲಿಲ್ಲ, ಹಕ್ಕಿಗೂ ಬರುತ್ತಿರಲಿಲ್ಲ.

ಇದಕ್ಕಿಂತ ಮಜವಾದ ಸಂಗತಿ ಇನ್ನೊಂದಿದೆ. ಲಾಂಛನ ಬರುವ ಹೊತ್ತಿಗೆ ಕಲ್ಕತ್ತಾದ ಕೆಳಗೆ ಒಳಚರಂಡಿ ಹರಿಯುತ್ತಿತ್ತು. ಕೊಳಕು ಕಡಿಮೆಯಾದಂತೆ ಹರ್ಗಿಲಾಗಳೂ ಕಡಿಮೆಯಾಗುತ್ತಾ ಬಂದವು. ಕೆಲಸ ಹೋದ ಮೇಲೆ ಕಿರೀಟ! ನಿವೃತ್ತಿಯ ದಿನ ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿ ಮನೆಗೆ ಕಳಿಸುತ್ತಾರಲ್ಲ, ಹಾಗೆ. ಬುಟ್ಟಿಯಲ್ಲಿ ಸೇಬು ಮೇಲೆ, ಮೂಸಂಬಿ ಕೆಳಗೆ, ಪಿಂಚಣಿ ಫೈಲು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. 1961ರಲ್ಲಿ ಲಾಂಛನವೂ ಬದಲಾಯಿತು. ಹಕ್ಕಿಗೆ ಕಾಗದದ ಮೇಲಿದ್ದ ಜಾಗವೂ ಹೋಯಿತು.

ಬೆಂಗಳೂರು ಇಂಥ ರಗಳೆಗೇ ಹೋಗಲಿಲ್ಲ. 2017ರ ಡಿಸೆಂಬರ್‌ನಲ್ಲಿ ಬಂದ ನಮ್ಮ ಲೋಗೊದಲ್ಲಿ ಪ್ರಾಣಿಯೂ ಇಲ್ಲ, ಪಕ್ಷಿಯೂ ಇಲ್ಲ. ಇಂಗ್ಲಿಷ್ ಹೆಸರಿನ ಮೊದಲ ಎರಡಕ್ಷರ ಮತ್ತು ಕೊನೆಯದೊಂದು ಮಾತ್ರ ಕೆಂಪು. ಸೇರಿಸಿ ಓದಿದರೆ 'ಬಿ ಯು', ಅಂದರೆ ನೀನು ನೀನಾಗಿರು. ಈ ಮಾತನ್ನು ನಮ್ಮ ಬೀದಿ ಮೂಲೆಯಲ್ಲಿ ಎಲ್ಲರೂ ಕಸ ಸುರಿಯುವ ಬ್ಲಾಕ್ ಸ್ಪಾಟ್‌ನಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಅಲ್ಲಿ ರಂಗೋಲಿ ಹಾಕಿದರು. ಹೂಕುಂಡ ಇಟ್ಟರು. ದಂಡದ ಬೋರ್ಡ್ ನೆಟ್ಟರು. ಮರುದಿನ ಬೆಳಿಗ್ಗೆ ಹೂಕುಂಡದೊಳಗೇ ಎರಡು ಕಸದ ಕವರ್, ಬೋರ್ಡಿಗೆ ನೇತುಹಾಕಿದ್ದು ಇನ್ನೊಂದು. ಅದು ಅದಾಗಿಯೇ ಇದೆ.

ಕಲ್ಕತ್ತಾದಿಂದ ಕಾಲ್ಕಿತ್ತ ಹರ್ಗಿಲಾ ಈಗ ಹೆಚ್ಚಾಗಿ ಸಿಗುವುದು ಅಸ್ಸಾಮಿನಲ್ಲಿ. ಗುವಾಹಟಿ ಹತ್ತಿರದ ಬೋರಾಗಾಂವ್ ಕಸದ ಗುಡ್ಡೆ ಬಹಳ ವರ್ಷ ಅದರ ಮೆಸ್ಸು. ಹಳ್ಳಿಗಳಲ್ಲಿ ಮಾತ್ರ ಜನರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹಿಕ್ಕೆಯ ನಾತ ತಡೆಯಲಾರದೆ ಗೂಡಿದ್ದ ಮರವನ್ನೇ ಕಡಿಯುತ್ತಿದ್ದರು. ಪೂರ್ಣಿಮಾ ದೇವಿ ಬರ್ಮನ್ ಅನ್ನುವ ಜೀವಶಾಸ್ತ್ರಜ್ಞೆ ಹೆಂಗಸರನ್ನು ಸೇರಿಸಿ ಹರ್ಗಿಲಾ ಸೇನೆ ಕಟ್ಟಿದರು. 2022ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ಬಂತು. ಈಗ ದಾದರಾ ಹಳ್ಳಿಯ ಹೆಂಗಸರು ಹಕ್ಕಿಗೆ ಸೀಮಂತ ಮಾಡುತ್ತಾರೆ. ಹೌದು, ಹಾಡು ಹೇಳಿ, ಶಾಸ್ತ್ರವಾಗಿ. ಮರಿ ಬಿದ್ದರೆ ಪೆಟ್ಟಾಗದಿರಲಿ ಅಂತ ಮರದ ಕೆಳಗೆ ಬಲೆ ಕಟ್ಟುತ್ತಾರೆ. ಮಗ್ಗದಲ್ಲಿ ತಾವು ಉಡುವ ಅಸ್ಸಾಮಿ ಉಡುಗೆ ಮೇಖಲಾ ಚಾದರಿನ ಮೇಲೆ ಹರ್ಗಿಲಾ ನೇಯುತ್ತಾರೆ. ಠರಾವು ಇಲ್ಲ, ಲ್ಯಾಟಿನ್ ಇಲ್ಲ. ಹಕ್ಕಿ ಹೆಗಲ ಮೇಲೆ ಕಿರೀಟ ಹೊತ್ತಿದ್ದು ಹಳೇ ಮಾತು, ಈಗ ಹೆಂಗಸರ ಹೆಗಲ ಮೇಲೆ ಹಕ್ಕಿಯೇ ಕೂತಿದೆ.