‘ಕೊನೆಯ ಅವಿಭಾಜ್ಯ ಸಂಖ್ಯೆ’ ಸಿಕ್ಕಿಲ್ಲ: ಒಂದು ಸ್ಪಷ್ಟನೆ

‘ಪ್ರಪಂಚದ ಕೊನೆಯ ಅವಿಭಾಜ್ಯ ಸಂಖ್ಯೆ ಸಿಕ್ಕಿದೆ, ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ’ ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ. ಅವಿಭಾಜ್ಯ ಅಂದರೆ 1 ಮತ್ತು ಅದೇ ಸಂಖ್ಯೆಯಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆ: 2, 3, 5, 7 ಹೀಗೆ.

2024ರ ಅಕ್ಟೋಬರ್‌ನಲ್ಲಿ ಒಂದು ಸಂಖ್ಯೆ ಸಿಕ್ಕಿದ್ದು ನಿಜ. 2ರ 13,62,79,841ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅದು. 4,10,24,320 ಅಂಕಿಗಳು, ಕೊನೆಯ ಅಂಕಿ 1. ಆದರೆ ಅದು ಆಗ ಗೊತ್ತಿದ್ದವುಗಳಲ್ಲಿ ದೊಡ್ಡದು, ಅಷ್ಟೇ.

ಅವಿಭಾಜ್ಯಗಳಿಗೆ ಕೊನೆಯಿಲ್ಲ ಅಂತ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದಾನೆ. 2, 3, 5 ಮಾತ್ರ ಇವೆ ಅಂದುಕೊಳ್ಳಿ. ಗುಣಿಸಿ, 1 ಕೂಡಿಸಿ: 31. ಮೂರರಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಆದರೆ 1ಕ್ಕಿಂತ ದೊಡ್ಡ ಪ್ರತಿ ಸಂಖ್ಯೆಯೂ ಯಾವುದಾದರೂ ಒಂದು ಅವಿಭಾಜ್ಯದಿಂದ ಶೇಷವಿಲ್ಲದೆ ಭಾಗವಾಗಲೇಬೇಕು. ಹಾಗಾದರೆ ಪಟ್ಟಿಯಲ್ಲಿಲ್ಲದ ಇನ್ನೊಂದು ಅವಿಭಾಜ್ಯ ಇರಲೇಬೇಕು, ಅಲ್ವಾ? ಪಟ್ಟಿ ಎಷ್ಟೇ ಉದ್ದವಿದ್ದರೂ ಹೀಗೇ. ಎಷ್ಟು ಚೆಂದದ ಲೆಕ್ಕ!

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ನಾನು ಕಳಿಸಿದ್ದು ನಿಮ್ಮಲ್ಲಿದ್ದರೆ ಅಳಿಸಿಬಿಡಿ.