ಆ ಕಲ್ಲಿನ ಮ್ಯಾಲೆ ಹೆಸರು ಕೆತ್ತಬ್ಯಾಡ್ರಿ

ನಿನ್ನೆ ರಾತ್ರಿ ಮಲ್ಪೆಯಿಂದ ಗದಗಕ್ಕ ಬಂದು ಮುಟ್ಟಿದ್ವಿ, ಮೈಕೈ ನೋವು ಇನ್ನೂ ಇಳದಿಲ್ಲ, ಆದ್ರ ಇದನ್ನ ಬರೀದ ಮಲಗಿದ್ರ ನಿದ್ದಿ ಬರಂಗಿಲ್ಲ.

ಸೇಂಟ್ ಮೇರೀಸ್ ದ್ವೀಪಕ್ಕ ಹೋಗಿದ್ವಿ. ಎಷ್ಟ್ ವರ್ಷದಿಂದ ಹೋಗಬೇಕು ಹೋಗಬೇಕು ಅಂತಿದ್ದೆ ಅನ್ನೂದು ನಿಮಗೆಲ್ಲ ಗೊತ್ತೈತಿ. ವಿಜ್ಞಾನ ಕಲಸಾಕಿ ನಾನು, ಜ್ವಾಲಾಮುಖಿ ಅಂತ ಬೋರ್ಡ್ ಮ್ಯಾಲೆ ಚಿತ್ರ ತಗದು ತಗದು ಸಾಕಾಗೇತಿ, ಆದ್ರ ಲಾವಾ ಆರಿ ಆದ ಕಂಬ ಒಮ್ಮೆನೂ ಕೈಲೆ ಮುಟ್ಟಿದ್ದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳದು, ಅಂಕೋಲಾದಿಂದ ಸಮುದ್ರದ ದಂಡಿ ಹಿಡದು ಉಡುಪಿ, ಅಲ್ಲಿಂದ ಮಲ್ಪೆ, ಆಮ್ಯಾಲೆ ಬೋಟಿನ್ಯಾಗ ಅರ್ಧ ತಾಸು.

ಇಳದು ಸ್ವಲ್ಪ ನಡದ್ವಿ, ಆ ಕಂಬಗಳು ಕಂಡ್ವು. ಅಳತಿ ಹಿಡದು ಕಡದು ಒಂದಕ್ಕೊಂದು ಹಚ್ಚಿ ನಿಲ್ಲಿಸಿದಂಗ, ಐದು ಮೂಲಿವು, ಆರು ಮೂಲಿವು, ಏಳು ಮೂಲಿವೂ ಅದಾವ. ಕೆಳಗ ತೆರಿ ಬಂದು ಬಡೀತಿದ್ವು. ನನ್ನ ಕಣ್ಣಾಗ ನೀರು ಬಂತು, ಖರೇನ ಹೇಳ್ತೀನಿ.

ಅಷ್ಟ್ರಾಗ ಬಾಜೂಕ ಕರ್ ಕರ್ ಅಂತ ಸಪ್ಪಳ. ಒಬ್ಬ ಹುಡುಗ ಬೈಕಿನ ಕೀಲಿ ಹಿಡಕೊಂಡು ಕಂಬದ ಮ್ಯಾಲೆ ತನ್ನ ಹೆಸರು, ಒಂದು ಹಾರ್ಟು, ಇನ್ನೊಂದು ಹೆಸರು ಕೆತ್ತಾಕ ಹತ್ತಿದ್ದ. "ಯಾಕೋ ತಮ್ಮಾ, ಅದನ್ಯಾಕ ಕೆಡಸ್ತಿ" ಅಂದೆ. "ಒಂದ್ ಕಲ್ಲಿಗೆ ಯಾಕ್ರೀ ಅಕ್ಕಾರ ಇಷ್ಟ್ ಸಿಟ್ಟು" ಅಂದ. ಮಾತು ಕೇಳಿದ ಕೂಡಲೇ ನಮ್ಮ ಹುಬ್ಬಳ್ಳಿ ಕಡೆಯಾಂವ ಅಂತ ಗೊತ್ತಾತು, ಅದಕ್ಕ ಇನ್ನೂ ಹೆಚ್ಚು ಸಂಕಟ ಆತು.

ಒಂದ್ ಕಲ್ಲಂತ! ಸುಮಾರು 9 ಕೋಟಿ ವರ್ಷದ ಹಿಂದ, ಮಡಗಾಸ್ಕರ್ ನಮ್ಮ ನೆಲಕ್ಕ ಹತ್ತಿಕೊಂಡಿದ್ದದ್ದು ಹರಕೊಂಡು ದೂರ ಹೊಂಟ ಹೊತ್ತಿನ್ಯಾಗ ಉಕ್ಕಿದ ಲಾವಾ ಅದು. ಮಹಾರಾಷ್ಟ್ರದ ಕರಿಕಲ್ಲಿನ ಘಟ್ಟ ಅದಾವಲ್ಲ, ಡೆಕ್ಕನ್ ಟ್ರ್ಯಾಪ್, ಅವು ಸುಮಾರು 6.6 ಕೋಟಿ ವರ್ಷದ್ವು, ಅವುಕ್ಕಿಂತ ಇದು ಹಿರೇದು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಒಳಗ ಇಂಥವ ಸುಮಾರು 40,000 ಕಂಬ ಅದಾವ, ಅದನ್ನ 1986ರಾಗ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ನಮ್ಮದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸ್ಯಾರ, ಬೆಂಗಳೂರಿನ ಲಾಲ್‌ಬಾಗ್ ಬಂಡೆಗಲ್ಲೂ ಅದ ಪಟ್ಟಿಯೊಳಗ ಐತಿ. ಆದ್ರ ಬೋಟಿನ್ಯಾಗ ಹೋಗೂವಾಗ ಬರೂವಾಗ ಒಬ್ಬರೂ ಇದರ ಬಗ್ಗೆ ಒಂದು ಮಾತು ಹೇಳಲಿಲ್ಲ, ಎಷ್ಟೊತ್ತಿಗೆ ವಾಪಸ್ ಬರಬೇಕು ಅನ್ನೂದು ಮಾತ್ರ ಮೂರು ಸಲ ಹೇಳಿದ್ರು.

ಇದನ್ನ ತಿಳ್ಯಾಕ ದೊಡ್ಡ ಪುಸ್ತಕನೂ ಬೇಕಾಗಿಲ್ಲ, ನಮ್ಮ ಕಡೆ ಮಂದಿಗಂತೂ ಬೇಕಾಗೇ ಇಲ್ಲ. ನರಗುಂದದ ಕಡೆ ನನ್ನ ತವರಿನ ಎರಿ ಹೊಲ ಬ್ಯಾಸಗ್ಯಾಗ ಹೆಂಗ ಬಿರೀತೈತಿ? ನೀರು ಆರಿದಂಗ ಮಣ್ಣು ಕುಗ್ಗತೈತಿ, ಕುಗ್ಗಿದಂಗ ಸೀಳತೈತಿ, ಸೀಳು ಒಂದಕ್ಕೊಂದು ಕೂಡಿ ಐದಾರು ಮೂಲಿ ಹೆಂಟಿ ಆಗ್ತಾವ, ಸಣ್ಣಾಕಿ ಇದ್ದಾಗ ಆ ಬಿರುಕಿನ್ಯಾಗ ನನ್ನ ಕಾಲು ಸಿಕ್ಕು ಅವ್ವ ಎಳದು ತಗದಿದ್ಲು. ಲಾವಾದ್ದೂ ಹಂಗ. ಅಲ್ಲಿ ನೀರಲ್ಲ, ಕಾವು ಆರೂದು. ಮ್ಯಾಲಿಂದ ತಣ್ಣಗಾಗ್ತಾ ಬಂದಂಗ ಬಿರುಕು ಸೀದಾ ಒಳಗ ಇಳೀತೈತಿ, ಅದಕ್ಕ ಹೆಂಟಿ ಬದಲಿ ಕಂಬ ಆಗ್ತಾವ. ನಾ ಅಲ್ಲಿ ನಿಂತಾಗ ನಮ್ಮ ಹೊಲನ ನೆನಪಾತು, ಅದಕ್ಕ ಆ ಕೀಲಿ ಸಪ್ಪಳ ಅಷ್ಟು ಚುಚ್ಚಿತು.

ವಾಪಸ್ ಬರೂವಾಗ ಗಾಡಿಯೊಳಗ ನಮ್ಮ ಮೈದುನ ಅಂದ, "ವೈನಿ, ಲಕ್ಕುಂಡಿಯೊಳಗೂ ಕಲ್ಲಿನ ಮ್ಯಾಲೆ ಬರದಾರಲ್ಲ, ಅದನ್ನ ಹೊಗಳ್ತೀರಿ, ಇದಕ್ಯಾಕ ಬೈತೀರಿ?" ಅಲ್ರೀ, ಅತ್ತಿಮಬ್ಬೆ 1007ರಾಗ ಬಸದಿ ಕಟ್ಟಿಸಿ ದಾನ ಕೊಟ್ಟದ್ದನ್ನ ಮುಂದಿನವರಿಗೆ ತಿಳಿಸಾಕ ಅಂತ ನಿಲ್ಲಿಸಿದ ಶಾಸನ ಅದು. ಕಟ್ಟಿದವರು ಬರೆಯೂದು ಬ್ಯಾರೆ. ಈ ಕಂಬ ಕಟ್ಟಿದವರು ಯಾರೂ ಇಲ್ಲ, ಅದರ ಮ್ಯಾಲೆ ಹೆಸರು ಹಾಕೂ ಹಕ್ಕು ನನಗೂ ಇಲ್ಲ, ಆ ಹುಡುಗಗೂ ಇಲ್ಲ. "ಸಮುದ್ರನ ದಿನಾ ಸವಸತೈತಿ" ಅಂತನೂ ಮೈದುನ ಅಂದ. ಸಮುದ್ರ ಸವಸಲಿ, ಅದು ಅದರ ಕೆಲಸ.

ಇಷ್ಟು ಸಿಟ್ಟು ಯಾಕಂದ್ರ, ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳ್ತೀನಿ. ಎಂಟನೇತ್ತೆ ಟ್ರಿಪ್ಪಿನ್ಯಾಗ ಒಂದು ಹಳೇ ಗುಡಿಯ ಕಂಬದ ಮ್ಯಾಲೆ ಕಂಪಾಸಿನ ಮೊನಿಲೆ ನನ್ನ ಹೆಸರಿನ ಮೊದಲಕ್ಷರ ಗೀರಿದ್ದೆ. ಹೋದ ವರ್ಷ ನಮ್ಮ ಹುಡುಗರನ್ನ ಕರಕೊಂಡು ಅಲ್ಲೇ ಹೋಗಿದ್ದೆ. ಅದು ಹಂಗ ಐತಿ. ಹುಡುಗರ ಮುಂದ ಅದರ ಮ್ಯಾಲೆ ಕೈ ಇಟ್ಟು ಮುಚ್ಚಿಕೊಂಡು ಪಾಠ ಹೇಳಿದೆ.

ನಿನ್ನೆ ಆ ಹುಡುಗ ಹೋದಮ್ಯಾಲೆ ವೇಲ್ ನೀರಾಗ ಎದ್ದಿ ಆ ಹೆಸರು ತಿಕ್ಕಿ ನೋಡಿದೆ. ಹೋಗಲಿಲ್ಲ.

ಸೋಮವಾರ ಹತ್ತನೇತ್ತೆ ಕ್ಲಾಸಿಗೆ ಕಂಬದ ಫೋಟೋ ಒಯ್ಯಾಕಿ, ಗೀರಿದ್ದೂ ಕಾಣೂವಂಥದ್ದು. ಅವ್ವಗ ಫೋನ್ ಮಾಡಿ ಹೊಲದಾಗಿನ ಒಂದು ಒಣ ಹೆಂಟಿ ಒಡೀದಂಗ ಎತ್ತಿಡು ಅಂತನೂ ಹೇಳೀನಿ. ಯಾರರ ಮಲ್ಪೆಗೆ ಹೊಂಟಿದ್ರ ಮಳಿಗಾಲಕ್ಕಿಂತ ಮೊದಲ ಹೋಗಿ ಬರ್ರಿ, ಆಮ್ಯಾಲೆ ಬೋಟ್ ಬಂದ್ ಇರತಾವ.