90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕೆ?

ಪರ

ಪಾಸ್‌ವರ್ಡ್ ಕಳುವಾದರೆ ಕೈಚೀಲ ಕಳೆದಂತೆ ಗೊತ್ತಾಗುವುದಿಲ್ಲ. ಅದು ನಮ್ಮ ಬಳಿಯೂ ಇರುತ್ತದೆ, ಕದ್ದವನ ಬಳಿಯೂ ಇರುತ್ತದೆ. ಅವನು ಏನನ್ನೂ ಕೆಡಿಸದೆ ದಿನವೂ ನಮ್ಮ ಪತ್ರಗಳನ್ನು ಓದಿ ಹೋಗುತ್ತಿದ್ದರೆ ಅನುಮಾನಕ್ಕೂ ಎಡೆಯಿಲ್ಲ. ಇಂಥವನನ್ನು ಯಾರ ದೂರಿಗೂ ಕಾಯದೆ ಹೊರಹಾಕುವುದು 90 ದಿನದ ಈ ಗಡುವು.

ಇನ್ನೊಂದು ಕಾರಣವನ್ನು ಕಣ್ಣಾರೆ ಕಂಡಿದ್ದೇನೆ. ನಾನು ಕೆಲಸ ಮಾಡಿದ ಕಚೇರಿಯಲ್ಲಿ ಒಂದೇ ಖಾತೆಯನ್ನು ಆರು ಮಂದಿ ಬಳಸುತ್ತಿದ್ದೆವು. ಇಬ್ಬರು ಕೆಲಸ ಬಿಟ್ಟು ಹೋದರು. ಪಾಸ್‌ವರ್ಡ್ ಅವರ ನೆನಪಿನಲ್ಲಿ ಉಳಿಯಿತು. ಅವರು ಹೋದ ದಿನವೇ ಬದಲಿಸಬೇಕಿತ್ತು, ನಿಜ. ಯಾರೂ ಬದಲಿಸಲಿಲ್ಲ. ಗಡುವು ಬಂದಾಗಲೇ ಆ ಬಾಗಿಲು ಮುಚ್ಚಿದ್ದು. ಮನುಷ್ಯರ ಮರೆವನ್ನು ಲೆಕ್ಕಕ್ಕೆ ಹಿಡಿಯುವ ನಿಯಮವನ್ನು ನಾನು ಸುಲಭವಾಗಿ ಬಿಟ್ಟುಕೊಡಲಾರೆ.

ವಿರೋಧ

ಮರೆವನ್ನು ಲೆಕ್ಕಕ್ಕೆ ಹಿಡಿದ ಆ ನಿಯಮ ಮನುಷ್ಯರ ದಣಿವನ್ನು ಹಿಡಿಯಲಿಲ್ಲ. ಕೆಲಸದ ನಡುವೆ ಗಡುವು ಅಡ್ಡಗಟ್ಟಿದಾಗ ಎಷ್ಟೋ ಮಂದಿ ಹಳೆಯ ಪದದ ಕೊನೆಯ 1 ಅನ್ನು 2 ಮಾಡಿ ಮುಂದೆ ಹೋಗುತ್ತಾರೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ ಸುಮಾರು ಶೇ 17ರಷ್ಟು ಖಾತೆಗಳ ಹೊಸದನ್ನು ಸರಾಸರಿ ಐದಕ್ಕೂ ಕಡಿಮೆ ಊಹೆಗಳಲ್ಲಿ ಹೇಳಬಹುದಾಗಿತ್ತು. ಹೊರಹಾಕಿದೆವು ಎಂದುಕೊಂಡ ಕಳ್ಳ ಹೊಸ್ತಿಲಲ್ಲೇ ನಿಂತಿದ್ದಾನೆ! ಅಷ್ಟಕ್ಕೂ ಅವನು 90 ದಿನ ಏಕೆ ಕಾಯಬೇಕು? ಸಿಕ್ಕ ದಿನವೇ ಬೇಕಾದದ್ದನ್ನು ಒಯ್ದಿರುತ್ತಾನೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಇದು.

2003ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಗಾಗಿ ಪಾಸ್‌ವರ್ಡ್ ಸಲಹೆಗಳನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅವುಗಳ ಬಗ್ಗೆ ವಿಷಾದಿಸಿದರು. ಗಡುವಿನ ಬದಲಾವಣೆ ಬೇಡ, ಸೋರಿಕೆಯ ಪುರಾವೆ ಸಿಕ್ಕಾಗ ಬದಲಿಸಿ ಎಂದು ಅದೇ ವರ್ಷ ಆ ಸಂಸ್ಥೆ ಹೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ನ ಭದ್ರತಾ ಶಿಫಾರಸುಗಳಿಂದ ಗಡುವನ್ನು ತೆಗೆದುಹಾಕಿತು.

ಆರು ಮಂದಿಗೆ ಒಂದೇ ಖಾತೆ ಎಂಬುದೇ ಆ ಕಚೇರಿಯ ರೋಗ. ತಲೆಗೊಂದು ಖಾತೆ ಕೊಡಿ, ಬಿಟ್ಟುಹೋದವರದ್ದನ್ನು ಅಂದೇ ಮುಚ್ಚಿ. ಉದ್ದನೆಯ ಪಾಸ್‌ವರ್ಡ್ ಜೊತೆಗೆ ಮೊಬೈಲ್‌ಗೆ ಬರುವ ಒಟಿಪಿಯಂಥ ಎರಡನೇ ಹಂತದ ದೃಢೀಕರಣವಿದ್ದರೆ, ಕದ್ದವನಿಗೆ ಪದವೊಂದೇ ಸಾಲುವುದಿಲ್ಲ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಪದೇ ಪದೇ ಬದಲಾಗುವ ಪಾಸ್‌ವರ್ಡ್ ನೆನಪಿನಲ್ಲಿ ಉಳಿಯದೆ, ಚೀಟಿಯಲ್ಲಿ ಬರೆದು ಕೀಲಿಮಣೆಯಡಿ ಇಡುತ್ತಿದ್ದರು. ಒಂದು ದಿನ ಅದು ಸಿಕ್ಕಿತು. ಎಲ್ಲರೆದುರು ಅವರನ್ನು ಬೈದರು. ಮರುದಿನವೇ ಎಲ್ಲರಿಗೂ ಗಡುವನ್ನು 60 ದಿನಕ್ಕೆ ಇಳಿಸಿದರು.